ಮಾಲು ಕಳಿಸಿದವರಿಗೆ ಉತ್ತರವೂ ಸಿಗಲಿ: ದೊಡ್ಡ ಕಾರ್ಖಾನೆಗಳಿಗೂ ಕೈಗಾರಿಕಾ ಇಲಾಖೆಗೂ ಒಂದು ಬಹಿರಂಗ ಪತ್ರ

ಇವರಿಗೆ,
ರಾಜ್ಯದ ದೊಡ್ಡ ಕಾರ್ಖಾನೆಗಳ ಖರೀದಿ ವಿಭಾಗದ ಮುಖ್ಯಸ್ಥರು
ಹಾಗೂ ಕರ್ನಾಟಕ ಸರ್ಕಾರದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆ

ಮಾನ್ಯರೇ,

ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಸಿಎನ್‌ಸಿ ಟರ್ನಿಂಗ್, ಮಿಲ್ಲಿಂಗ್, ಒಂದಿಷ್ಟು ಗ್ರೈಂಡಿಂಗ್. ನೀವು ಕೊಡುವ ಡ್ರಾಯಿಂಗ್ ಪ್ರಕಾರ ಶಾಫ್ಟು, ಬುಷ್ಷು, ಫ್ಲೇಂಜು ಮಾಡಿ ಕಳಿಸುತ್ತೇವೆ. ಅವು ನಿಮ್ಮ ಪಂಪು, ಗೇರ್‌ಬಾಕ್ಸು, ಮೋಟರುಗಳ ಒಳಗೆ ಸೇರಿ ದೇಶದ ಮೂಲೆ ಮೂಲೆಗೆ ಹೋಗುತ್ತವೆ. ರೇಟು ಜಾಸ್ತಿ ಮಾಡಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಆ ಮಾತು ಬೇರೆ ಕಡೆ ಆಡೋಣ. ನಿಮ್ಮ ಕಂಪ್ಯೂಟರಿಗೂ ನಮ್ಮ ಕಂಪ್ಯೂಟರಿಗೂ ನಡುವೆ ಓಡಾಡಬೇಕಾದ ಮಾಹಿತಿ ಒಂದೇ ಕಡೆಗೆ ಹೋಗುತ್ತಿದೆ, ವಾಪಸ್ ಬರುತ್ತಿಲ್ಲ. ಅದರಿಂದ ನಮಗೆ ಎಷ್ಟು ಪೆಟ್ಟು ಬೀಳುತ್ತಿದೆ, ನಿಮಗೂ ಎಷ್ಟು ನಷ್ಟವಾಗುತ್ತಿದೆ ಎಂದು ಹೇಳಬೇಕಾಗಿದೆ.

ನಿಮ್ಮಲ್ಲಿ ಬಹಳ ಮಂದಿ ವೆಂಡರ್ ಪೋರ್ಟಲ್, ಅಂದರೆ ನಮ್ಮಂಥ ಪೂರೈಕೆದಾರರು ಲಾಗಿನ್ ಆಗುವ ವೆಬ್‌ಸೈಟ್ ಮಾಡಿಕೊಂಡಿದ್ದೀರಿ. ಒಳ್ಳೆಯದೇ ಆಯಿತು. ಪೀಓ, ಅಂದರೆ ಖರೀದಿ ಆದೇಶದ ಪ್ರತಿ ತರಲು ಹುಡುಗನನ್ನು ಸ್ಕೂಟರಿನಲ್ಲಿ ಅಟ್ಟುತ್ತಿದ್ದ ಕಾಲ, ಫ್ಯಾಕ್ಸ್ ಮಷಿನ್ ಮುಂದೆ ಕೂತು ಕಾಯುತ್ತಿದ್ದ ಕಾಲ ಮತ್ತೆ ಬರುವುದು ಯಾರಿಗೂ ಬೇಡ. ಆದರೆ ಪ್ರತಿ ಕಾರ್ಖಾನೆಗೂ ಅದರದೇ ಪೋರ್ಟಲ್, ಅದರದೇ ಲಾಗಿನ್, ಅದರದೇ ನಮೂನೆ. ಒಂದು ಕಡೆ ಪಾರ್ಟ್ ನಂಬರಿನ ಜೊತೆಗೆ ಡ್ರಾಯಿಂಗ್‌ನ ರಿವಿಷನ್ ನಂಬರನ್ನೂ ಸೇರಿಸಿ ಟೈಪ್ ಮಾಡಬೇಕು, ಇನ್ನೊಂದು ಕಡೆ ಹಾಗೆ ಮಾಡಿದರೆ ತಗೊಳ್ಳುವುದೇ ಇಲ್ಲ. ದಿನಾಂಕವನ್ನು ಒಬ್ಬರು ತಿಂಗಳು ಮುಂದಿಟ್ಟು ಕೇಳುತ್ತಾರೆ, ಮತ್ತೊಬ್ಬರು ತಾರೀಖು ಮುಂದಿಟ್ಟು. ಕೆಲವು ಕಡೆ ಪೋರ್ಟಲ್ ಬಳಸಲು ವರ್ಷಕ್ಕಿಷ್ಟು ಎಂದು ನಾವೇ ಶುಲ್ಕ ಕಟ್ಟಬೇಕು.

ಒಂದು ಡಿಸ್ಪ್ಯಾಚ್ ಹೇಗೆ ನಡೆಯುತ್ತದೆ ಎಂದು ನೋಡಿ. ಸಂಜೆ ಹೊತ್ತಿಗೆ ಮಾಲು ಪ್ಯಾಕ್ ಆಗಿ ಟಾಟಾ ಏಸ್‌ಗೆ ಲೋಡ್ ಆಗಿದೆ. ನಮ್ಮ ಆಫೀಸಿನ ಹುಡುಗಿ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಇನ್‌ವಾಯ್ಸ್ ಹಾಕಿದ್ದಾಳೆ, ಸರ್ಕಾರಿ ವ್ಯವಸ್ಥೆ ಪ್ರತಿ ಇನ್‌ವಾಯ್ಸ್‌ಗೂ ಕೊಡುವ ಐಆರ್‌ಎನ್ ಎಂಬ ನಂಬರ್ ಬಂದಿದೆ, ಇ-ವೇ ಬಿಲ್ಲೂ ಆಗಿದೆ. ಇಷ್ಟಾದ ಮೇಲೆ ನಿಮ್ಮ ಪೋರ್ಟಲ್ ತೆರೆದು ಎಎಸ್‌ಎನ್, ಅಂದರೆ ಮಾಲು ಹೊರಟಿತೆಂಬ ಮುಂಗಡ ಸೂಚನೆ ಹಾಕಬೇಕು. ಇನ್‌ವಾಯ್ಸ್‌ನಲ್ಲಿ ಇದ್ದದ್ದೆಲ್ಲ ಅಲ್ಲಿ ಮತ್ತೆ ಟೈಪ್ ಆಗಬೇಕು: ಪೀಓ ನಂಬರ್, ಲೈನ್ ಐಟಂ, ತೆರಿಗೆಗಾಗಿ ಮಾಲಿನ ವರ್ಗ ಹೇಳುವ ಎಚ್‌ಎಸ್‌ಎನ್ ಕೋಡ್, ಸಂಖ್ಯೆ, ಮೊತ್ತ, ಗಾಡಿ ನಂಬರ್. ಜೊತೆಗೆ ಉಕ್ಕಿನ ಬಾರ್ ಯಾವ ಎರಕದ್ದೆಂದು ಹೇಳುವ ಹೀಟ್ ನಂಬರ್, ಟೆಸ್ಟ್ ಸರ್ಟಿಫಿಕೇಟ್, ಇನ್‌ಸ್ಪೆಕ್ಷನ್ ರಿಪೋರ್ಟ್ ಸ್ಕ್ಯಾನ್ ಮಾಡಿ ಏರಿಸಬೇಕು. ಫೈಲ್ ದೊಡ್ಡದಾಯಿತೆಂದು ಪೋರ್ಟಲ್ ಬೇಡ ಎನ್ನುತ್ತದೆ. ಅದನ್ನು ಚಿಕ್ಕದು ಮಾಡಿಕೊಂಡು ಬರುವಷ್ಟರಲ್ಲಿ ಸೆಷನ್ ಮುಗಿದುಹೋಗಿರುತ್ತದೆ. ಮತ್ತೆ ಮೊದಲಿನಿಂದ. ಕೊನೆಗೆ ಬಾರ್‌ಕೋಡ್ ಲೇಬಲ್ ಪ್ರಿಂಟ್ ತೆಗೆದು ಪ್ರತಿ ಬಾಕ್ಸ್‌ಗೂ ಅಂಟಿಸಿದ ಮೇಲೆ ಗಾಡಿ ಹೊರಡುತ್ತದೆ. ಅಷ್ಟರಲ್ಲಿ ತುಮಕೂರು ರಸ್ತೆಯ ಟ್ರಾಫಿಕ್ ತುಂಬಿರುತ್ತದೆ.

ಇಷ್ಟೊಂದು ಕೈಯಲ್ಲಿ ಟೈಪ್ ಮಾಡುವಾಗ ಎಲ್ಲೋ ಒಂದು ಅಂಕಿ ತಪ್ಪುವುದು ಸಹಜ. ಆಗ ನಿಮ್ಮ ಗೇಟಿನಿಂದ ಡ್ರೈವರ್ ಫೋನ್ ಮಾಡುತ್ತಾನೆ: "ಸಾರ್, ಇನ್‌ವಾಯ್ಸ್‌ನಲ್ಲಿ 500 ಇದೆಯಂತೆ, ಎಎಸ್‌ಎನ್‌ನಲ್ಲಿ 480 ಅಂತ ತೋರಿಸ್ತಿದೆಯಂತೆ. ಗಾಡಿ ಒಳಗೆ ಬಿಡಲ್ಲ ಅಂತಿದ್ದಾರೆ." ಸೆಕ್ಯೂರಿಟಿಯವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಹೇಳಿದ್ದನ್ನು ಅವರು ಮಾಡುತ್ತಿದ್ದಾರೆ. ಆದರೆ ಡ್ರೈವರ್ ಕೈಯಲ್ಲಿರುವ ಇನ್‌ವಾಯ್ಸ್ ಮೇಲೆ ಕ್ಯೂಆರ್ ಕೋಡ್ ಇದೆ. ಕೊಟ್ಟವರ ಜಿಎಸ್‌ಟಿ ನಂಬರ್, ಪಡೆಯುವವರ ಜಿಎಸ್‌ಟಿ ನಂಬರ್, ಇನ್‌ವಾಯ್ಸ್ ನಂಬರ್, ತಾರೀಖು, ಮೊತ್ತ, ಐಆರ್‌ಎನ್, ಎಲ್ಲವೂ ಅದರೊಳಗಿದೆ, ಸರ್ಕಾರಿ ವ್ಯವಸ್ಥೆಯ ಡಿಜಿಟಲ್ ಸಹಿಯೊಂದಿಗೆ. ಒಮ್ಮೆ ದಾಖಲಾದ ಮಾಹಿತಿಯನ್ನು ನಮ್ಮ ಹುಡುಗಿ ಇನ್ನೊಮ್ಮೆ ಯಾಕೆ ಟೈಪ್ ಮಾಡಬೇಕು?

ಟೈಪ್ ಮಾಡುವ ಕಷ್ಟವನ್ನು ಹೇಗೋ ಸಹಿಸಬಹುದು. ಇದಕ್ಕಿಂತ ದೊಡ್ಡ ತೊಂದರೆ ಶೆಡ್ಯೂಲ್‌ನದು.

ತಿಂಗಳ ಶೆಡ್ಯೂಲ್ ಪೋರ್ಟಲ್‌ನಲ್ಲಿ ಬರುತ್ತದೆ. ಅದನ್ನು ನೋಡಿಕೊಂಡು ನಾವು ಬಾರ್ ತರಿಸುತ್ತೇವೆ, ಮಷಿನ್ ಸೆಟ್ಟಿಂಗ್ ಮಾಡುತ್ತೇವೆ. ವಾರದ ನಡುವೆ ನಿಮ್ಮ ಪ್ಲಾನಿಂಗ್ ವಿಭಾಗದಿಂದ ವಾಟ್ಸ್ಆಪ್ ಬರುತ್ತದೆ: "ಆ ಶಾಫ್ಟ್ ಸದ್ಯಕ್ಕೆ ನಿಲ್ಲಿಸಿ, ಫ್ಲೇಂಜ್ ಅರ್ಜೆಂಟ್ ಬೇಕು, ಲೈನ್ ನಿಂತುಹೋಗುತ್ತೆ." ಲೈನ್ ನಿಲ್ಲಬಾರದು ಎಂಬ ಕಾಳಜಿ ನಮಗೂ ಇದೆ. ಓಡುತ್ತಿದ್ದ ಸೆಟ್ಟಿಂಗ್ ಕಳಚಿ, ರಾತ್ರಿ ಪಾಳಿ ಹಾಕಿ ಫ್ಲೇಂಜ್ ಕೊಡುತ್ತೇವೆ. ಪೋರ್ಟಲ್‌ನಲ್ಲಿ ಮಾತ್ರ ಹಳೆಯ ಶೆಡ್ಯೂಲ್ ಹಾಗೇ ಕೂತಿರುತ್ತದೆ. ತಿಂಗಳ ಕೊನೆಗೆ ವೆಂಡರ್ ರೇಟಿಂಗ್ ಬಂದಾಗ ಶಾಫ್ಟ್ ತಡ ಮಾಡಿದಿರೆಂದು ಅಂಕ ಕಳೆದಿರುತ್ತದೆ. ವಾಟ್ಸ್ಆಪ್ ತೋರಿಸಿದರೆ, "ಸಿಸ್ಟಂನಲ್ಲಿ ಹೀಗೇ ಇದೆ, ನಾವೇನೂ ಮಾಡಕ್ಕಾಗಲ್ಲ" ಎಂಬ ಉತ್ತರ. ನೀವು ಹೇಳಿದಂತೆ ಕೇಳಿದ್ದಕ್ಕೇ ನಮ್ಮ ರೇಟಿಂಗ್ ಇಳಿಯುತ್ತದೆ. ಮುಂದಿನ ವರ್ಷದ ಆರ್ಡರ್ ಆ ರೇಟಿಂಗ್ ನೋಡಿಯೇ ಹಂಚಿಕೆಯಾಗುತ್ತದೆ.

ಶೆಡ್ಯೂಲ್ ಮೇಲೆ ನಂಬಿಕೆ ಹೋದಾಗ ಏನಾಗುತ್ತದೆ ಎಂದು ಖರೀದಿ ವಿಭಾಗದವರು ಸಮಾಧಾನವಾಗಿ ಯೋಚಿಸಬೇಕು. ಪೋರ್ಟಲ್‌ನಲ್ಲಿ 1,000 ಇದ್ದರೆ, ನಿಜವಾಗಿ ಎಷ್ಟು ಬೇಕಾಗಬಹುದು ಎಂದು ನಾವು ಊಹೆ ಮಾಡಲು ಶುರುಮಾಡುತ್ತೇವೆ. ಇರಲಿ ಎಂದು 1,200ಕ್ಕೆ ಬಾರ್ ತರಿಸುತ್ತೇವೆ. ನಮಗೆ ಬಾರ್ ಕೊಡುವ ಸ್ಟೀಲ್ ವ್ಯಾಪಾರಿ ತನ್ನ ಊಹೆಯನ್ನೂ ಸೇರಿಸಿ 1,500ರ ಲೆಕ್ಕದಲ್ಲಿ ದಾಸ್ತಾನು ಮಾಡುತ್ತಾನೆ. ನಿಮ್ಮ ಪ್ಲಾನಿಂಗ್‌ನವರೂ, ವೆಂಡರುಗಳು ತಡ ಮಾಡುತ್ತಾರೆ ಎಂದು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹಾಕಿರುತ್ತಾರೆ. ಇದು ಪೀಣ್ಯದ ಕಾಯಿಲೆ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರು ತಮ್ಮ ಮಕ್ಕಳ ಡೈಪರ್‌ನ ಲೆಕ್ಕ ತೆಗೆದು ನೋಡಿದಾಗ ಇದೇ ಕಂಡಿತ್ತು. ಕೂಸುಗಳಿಗೆ ಡೈಪರ್ ಬೇಕಾಗುವುದು ಹೆಚ್ಚುಕಡಿಮೆ ಒಂದೇ ಸಮ. ಅಂಗಡಿಗಳ ಮಾರಾಟದಲ್ಲಿ ಏರಿಳಿತ ಕಮ್ಮಿ, ವಿತರಕರ ಆರ್ಡರಿನಲ್ಲಿ ಅದಕ್ಕಿಂತ ಹೆಚ್ಚು, ಕಂಪನಿ ತನ್ನ ಕಚ್ಚಾಮಾಲಿಗೆ ಹಾಕುತ್ತಿದ್ದ ಆರ್ಡರಿನಲ್ಲಿ ಇನ್ನೂ ಹೆಚ್ಚು. ಸ್ಟ್ಯಾನ್‌ಫರ್ಡ್‌ನ ಹಾವ್ ಲೀ ಮತ್ತು ಅವರ ಸಹೋದ್ಯೋಗಿಗಳು 1997ರಲ್ಲಿ ಇದನ್ನು ವಿವರಿಸಿ ಬರೆದರು. ಬುಲ್‌ವಿಪ್ ಪರಿಣಾಮ ಎಂದು ಇಂದು ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಪಾಠ ಮಾಡುವುದು ಇದನ್ನೇ. ಅವರು ಸೂಚಿಸಿದ ಪರಿಹಾರಗಳಲ್ಲಿ ಮುಖ್ಯವಾದದ್ದು, ಕೊನೆಯ ಗ್ರಾಹಕನ ನಿಜವಾದ ಬೇಡಿಕೆಯನ್ನು ಸರಪಳಿಯಲ್ಲಿರುವ ಎಲ್ಲರಿಗೂ ತೋರಿಸುವುದು. ನಿಮ್ಮ ಖರೀದಿ ವಿಭಾಗಗಳಲ್ಲಿ ಇದನ್ನು ಓದಿ ಪಾಸಾದವರೇ ತುಂಬಿದ್ದಾರೆ. ಆದರೂ ನಿಮ್ಮ ಲೈನಿನ ನಿಜವಾದ ಲೆಕ್ಕ ನಮಗೆ ಕಾಣುವುದಿಲ್ಲ. ಬೇಡವಾದ 45 ಎಂಎಂ ಬಾರ್ ನಮ್ಮ ಶೆಡ್ಡಿನ ಮೂಲೆಯಲ್ಲಿ ತುಕ್ಕು ಹಿಡಿಯುತ್ತದೆ, ಅದಕ್ಕೆ ಹಾಕಿದ ದುಡ್ಡಿಗೆ ಬ್ಯಾಂಕಿನ ಸಿಸಿ ಸಾಲದ ಖಾತೆಯಲ್ಲಿ ಬಡ್ಡಿ ಓಡುತ್ತಿರುತ್ತದೆ.

ಇನ್ನು ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಜಿಆರ್‌ಎನ್. ಮಾಲು ಬಂತು, ಎಣಿಸಿದೆವು, ನೋಡಿದೆವು, ಇಷ್ಟನ್ನು ಒಪ್ಪಿದೆವು ಎಂದು ನಿಮ್ಮ ಸ್ಟೋರ್ಸ್ ಬರೆಯುವ ರಸೀದಿ. ನಾವು ಮಾಲು ಕಳಿಸುವ ಮುಂಚೆಯೇ ಎಲ್ಲ ವಿವರ ಕೊಡಬೇಕು, ಅದೂ ನಿಮಿಷ ಲೆಕ್ಕದಲ್ಲಿ. ಮಾಲು ನಿಮ್ಮ ಗೇಟು ದಾಟಿದ ಮೇಲೆ ಏನಾಯಿತು ಎಂದು ತಿಳಿಯಲು ಮಾತ್ರ ಫೋನ್ ಮಾಡುತ್ತಲೇ ಇರಬೇಕು. ಸ್ಟೋರ್ಸ್‌ನವರು ಕ್ವಾಲಿಟಿಯವರನ್ನು ಕೇಳಿ ಎನ್ನುತ್ತಾರೆ, ಕ್ವಾಲಿಟಿಯವರು ಅಕೌಂಟ್ಸ್ ಕಡೆ ಕೈ ತೋರಿಸುತ್ತಾರೆ. ಮೂರು ತಿಂಗಳ ನಂತರ ಪೇಮೆಂಟ್ ಬಂದಾಗ ಡೆಬಿಟ್ ನೋಟ್ ಎಂದು ಅದರಲ್ಲಿ ಸ್ವಲ್ಪ ದುಡ್ಡು ಮುರಿದುಕೊಂಡಿರುತ್ತಾರೆ: 30 ಪೀಸ್ ರಿಜೆಕ್ಷನ್, ಕಾರಣ 'ಡೈಮೆನ್ಷನ್ ಔಟ್'. ಯಾವ ಡೈಮೆನ್ಷನ್, ಎಷ್ಟು ಮೈಕ್ರಾನ್ ಔಟ್, ಯಾವ ಲಾಟು? ಆ ಪೀಸುಗಳನ್ನು ಮಾಡಿದ ಟೂಲ್ ಇನ್ಸರ್ಟ್ ಸ್ಕ್ರ್ಯಾಪ್ ಸೇರಿ ಎಷ್ಟೋ ದಿನವಾಗಿರುತ್ತದೆ. ಎರಡನೇ ದಿನವೇ ತಿಳಿಸಿದ್ದರೆ ಆ ಮಷಿನ್‌ನಲ್ಲೇ ಆಫ್‌ಸೆಟ್ ಸರಿಮಾಡಿ, ಮುಂದಿನ ಲಾಟನ್ನು ಉಳಿಸಬಹುದಿತ್ತು. ಉಳಿಯುತ್ತಿದ್ದದ್ದು ನಿಮ್ಮ ಲೈನಿಗೇ ಬರಬೇಕಾದ ಮಾಲು.

ಕಾನೂನು ಈ ವಿಷಯದಲ್ಲಿ ನಮ್ಮ ಕಡೆಗೇ ಇದೆ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆ ಪ್ರಕಾರ, ಮಾಲು ತಲುಪಿದ 15 ದಿನದೊಳಗೆ ಖರೀದಿದಾರರು ಬರಹದಲ್ಲಿ ಆಕ್ಷೇಪಣೆ ಎತ್ತದಿದ್ದರೆ, ಮಾಲು ತಲುಪಿದ ದಿನವೇ ಒಪ್ಪಿಕೊಂಡ ದಿನ. ಲಿಖಿತ ಒಪ್ಪಂದವಿದ್ದರೂ ದುಡ್ಡು ಕೊಡಲು ಒಪ್ಪಿಗೆಯ ದಿನದಿಂದ 45 ದಿನಕ್ಕಿಂತ ಹೆಚ್ಚು ತಗೊಳ್ಳುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆ ಕಾನೂನಿನ ಒಂದು ನಿಯಮ ಕೂಡ ಇದಕ್ಕೆ ಜೋಡಿಯಾಯಿತು: ಅತಿಸಣ್ಣ, ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ಮೊತ್ತವನ್ನು, ಕೊಡುವ ತನಕ ಖರ್ಚೆಂದು ತೋರಿಸುವಂತಿಲ್ಲ. ಅಂದರೆ ನಿಮ್ಮ ತೆರಿಗೆ ಲೆಕ್ಕವೂ ಒಪ್ಪಿಗೆಯ ದಿನಾಂಕ ಎಂಬ ಒಂದೇ ಒಂದು ಅಂಕಿಯ ಮೇಲೆ ನಿಂತಿದೆ. ಆ ದಿನಾಂಕ ನಿಮ್ಮ ಸಿಸ್ಟಂನಲ್ಲಿದೆ. ನಮಗೆ ಅದರ ಪ್ರತಿ ಸಿಗುವುದಿಲ್ಲ.

ಬಾಕಿ ಹಣದ ಬಗ್ಗೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದಲ್ಲ ಎನ್ನುತ್ತೀರೇನೋ. ದೂರು ಕೊಟ್ಟವನಿಗೆ ಮುಂದಿನ ಪೀಓ ಬರುವುದಿಲ್ಲ ಎಂಬುದು ಪೀಣ್ಯದಲ್ಲಿ ಎಲ್ಲರಿಗೂ ಗೊತ್ತು. ಟ್ರೆಡ್ಸ್ ವೇದಿಕೆಯ ಕಥೆಯೂ ಅಲ್ಲೇ ಬಂದು ನಿಲ್ಲುತ್ತದೆ. ಇನ್‌ವಾಯ್ಸ್ ಏರಿಸಿದರೆ ಬ್ಯಾಂಕುಗಳು ಪೈಪೋಟಿಯಲ್ಲಿ ದರ ಹೇಳಿ ನಮಗೆ ಬೇಗ ಹಣ ಕೊಡುತ್ತವೆ, ಗಡುವಿನ ದಿನ ನಿಮ್ಮಿಂದ ವಸೂಲು ಮಾಡಿಕೊಳ್ಳುತ್ತವೆ. ತುಂಬಾ ಒಳ್ಳೆಯ ವ್ಯವಸ್ಥೆ. 250 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು 2025ರ ಮಾರ್ಚ್ 31ರೊಳಗೆ ಅಲ್ಲಿ ನೋಂದಾಯಿಸಿಕೊಳ್ಳಬೇಕು ಎಂದೂ ಕೇಂದ್ರ ಸರ್ಕಾರ ಹೇಳಿತು. ಆದರೆ ಇನ್‌ವಾಯ್ಸ್ ಮೇಲೆ "ಒಪ್ಪಿದೆ" ಎಂದು ನೀವು ಒತ್ತುವ ತನಕ ಯಾವ ಬ್ಯಾಂಕೂ ಮುಂದೆ ಬರುವುದಿಲ್ಲ. ಹೀಗೆ ಎಲ್ಲ ದಾರಿಯೂ ಜಿಆರ್‌ಎನ್ ಬಾಗಿಲಿಗೇ ಬಂದು ನಿಲ್ಲುತ್ತದೆ.

ಎಲ್ಲರೂ ಒಂದೇ ನಮೂನೆ ಬಳಸುವುದು ನಮ್ಮ ದೇಶದಲ್ಲಿ ಆಗದ ಕೆಲಸ ಎಂದು ವೆಂಡರ್ ಮೀಟ್‌ಗಳಲ್ಲಿ ಹೇಳುವವರಿದ್ದಾರೆ. ಅದು ಆಗಲೇ ಆಗಿದೆ. ಇ-ಇನ್‌ವಾಯ್ಸ್ 2020ರ ಅಕ್ಟೋಬರ್‌ನಲ್ಲಿ 500 ಕೋಟಿ ವಹಿವಾಟು ಮೀರಿದವರಿಂದ ಶುರುವಾಗಿ, ಹಂತಹಂತವಾಗಿ ಇಳಿದು, 2023ರ ಆಗಸ್ಟ್‌ನಲ್ಲಿ 5 ಕೋಟಿ ಮೀರಿದವರ ತನಕ ಬಂತು. ದೊಡ್ಡ ಕಾರ್ಖಾನೆಯ ಸ್ಯಾಪ್ ಸಾಫ್ಟ್‌ವೇರ್ ಇರಲಿ, ನಮ್ಮ ಟ್ಯಾಲಿ ಇರಲಿ, ಇನ್‌ವಾಯ್ಸ್‌ನ ನಮೂನೆ ಒಂದೇ. ನಮ್ಮಂಥವರಿಗೆ ಯಾವ ಪೋರ್ಟಲ್‌ನಲ್ಲೂ ಟೈಪ್ ಮಾಡುವ ಕೆಲಸ ಬೀಳಲಿಲ್ಲ, ಟ್ಯಾಲಿಯಿಂದಲೇ ಹೋಗುತ್ತದೆ, ಉತ್ತರವಾಗಿ ಐಆರ್‌ಎನ್ ಕ್ಷಣದಲ್ಲಿ ಬರುತ್ತದೆ. 2024ರ ಅಕ್ಟೋಬರ್‌ನಿಂದ ಜಿಎಸ್‌ಟಿ ಪೋರ್ಟಲ್‌ನಲ್ಲಿ ಖರೀದಿದಾರರು ಒಂದೊಂದು ಇನ್‌ವಾಯ್ಸನ್ನೂ ಒಪ್ಪಬಹುದು, ತಿರಸ್ಕರಿಸಬಹುದು, ಬಾಕಿ ಇಡಬಹುದು. ತೆರಿಗೆಗಾಗಿ ಉತ್ತರ ಕೊಡುವ ವ್ಯವಸ್ಥೆ ಕಟ್ಟಲು ಸಾಧ್ಯವಾಗಿದೆ. ಮಾಲಿಗಾಗಿಯೂ ಸಾಧ್ಯವಾಗಬೇಕು.

ಹೊರದೇಶಗಳಲ್ಲಿ ಇದು ಹಳೆಯ ವಿಷಯ. ವಿಶ್ವಸಂಸ್ಥೆಯ ಆಶ್ರಯದಲ್ಲಿ 1987ರಲ್ಲೇ ಎಡಿಫ್ಯಾಕ್ಟ್ ಎಂಬ ಮಾನದಂಡ ಬಂತು. ಆರ್ಡರಿಗೆ ಒಂದು ಸಂದೇಶ, ಶೆಡ್ಯೂಲಿಗೆ ಒಂದು, ಮಾಲು ಹೊರಟಿತೆಂದು ಹೇಳಲು ಒಂದು, ಇನ್‌ವಾಯ್ಸ್‌ಗೆ ಒಂದು. ಮಾಲು ಸೇರಿತು, ಇಷ್ಟನ್ನು ಒಪ್ಪಿದೆವು, ಇಷ್ಟನ್ನು ಒಪ್ಪಲಿಲ್ಲ, ಕಾರಣ ಇದು ಎಂದು ಹೇಳುವ ಸಂದೇಶಕ್ಕೂ ಅದರಲ್ಲಿ ಜಾಗವಿದೆ, ರೆಕ್‌ಆಡ್ವ್ ಎಂದು ಅದರ ಹೆಸರು. ಮಾನದಂಡ ಮಾಡಿದವರು ಸಂಭಾಷಣೆಯ ಎರಡೂ ಬದಿಯನ್ನು ಯೋಚಿಸಿದ್ದರು. ನಾವು ಅದರಲ್ಲಿ ಅರ್ಧವನ್ನು ಮಾತ್ರ ತಂದುಕೊಂಡಿದ್ದೇವೆ.

ಎಚ್ಚರಿಕೆಗಾಗಿ ಇನ್ನೊಂದು ಉದಾಹರಣೆಯನ್ನೂ ಹೇಳಬೇಕು. 2000ನೇ ಇಸವಿಯಲ್ಲಿ ಜನರಲ್ ಮೋಟರ್ಸ್, ಫೋರ್ಡ್, ಡೈಮ್ಲರ್‌ಕ್ರೈಸ್ಲರ್ ಸೇರಿ ಕೋವಿಸಿಂಟ್ ಎಂಬ ಜಂಟಿ ವೇದಿಕೆ ಕಟ್ಟಿದವು. ಮೂವರ ವೆಂಡರುಗಳೂ ಒಂದೇ ಕಡೆ ಕೆಲಸ ಮಾಡಲಿ ಎಂಬ ಯೋಚನೆ ಸರಿಯಾಗಿಯೇ ಇತ್ತು. ಆದರೆ ಆನ್‌ಲೈನ್ ಹರಾಜು ನಡೆಸಿ ರೇಟು ಇಳಿಸುವುದಕ್ಕೆ ಅದು ಹೆಚ್ಚು ಬಳಕೆಯಾಯಿತು, ಪೂರೈಕೆದಾರರಿಗೆ ಅದರ ಮೇಲೆ ನಂಬಿಕೆ ಹುಟ್ಟಲಿಲ್ಲ. 2004ರಲ್ಲಿ ಅದು ಇನ್ನೊಂದು ಕಂಪನಿಯ ಪಾಲಾಯಿತು. ನಮ್ಮ ಮಷಿನ್ ಎಷ್ಟು ಖಾಲಿ ಇದೆ, ನಮ್ಮಲ್ಲಿ ಬಾರ್ ಎಷ್ಟಿದೆ ಎಂಬುದನ್ನು ನಿಮಗೆ ತೋರಿಸಲು ನಾನು ಸಿದ್ಧ. ಅದರಿಂದ ನಿಮ್ಮ ಪ್ಲಾನಿಂಗ್ ಸುಲಭವಾಗುತ್ತದೆ. ಆದರೆ ಆ ಮಾಹಿತಿ ಪ್ಲಾನಿಂಗ್ ಮೇಜಿನಿಂದ ರೇಟು ಚೌಕಾಸಿ ಮೇಜಿಗೆ ಹೋಗುವುದಿಲ್ಲ ಎಂಬ ಮಾತು ಬೇಕು, ಅದೂ ಒಪ್ಪಂದದಲ್ಲಿ ಬರೆದಿರಬೇಕು.

ಕಾರ್ಖಾನೆಗಳ ಮುಖ್ಯಸ್ಥರೇ, ನಿಮ್ಮಿಂದ ನಾನು ಕೇಳುವುದು ಇಷ್ಟು. ನಿಮ್ಮ ಪೋರ್ಟಲ್‌ಗಳನ್ನು ಕಿತ್ತುಹಾಕಬೇಕಿಲ್ಲ. ಅವುಗಳ ಹಿಂದೆ ಎಲ್ಲ ಕಾರ್ಖಾನೆಗಳಿಗೂ ಸಮಾನವಾದ ಒಂದು ನಮೂನೆ ಇಟ್ಟುಕೊಳ್ಳಿ, ನಮ್ಮ ಟ್ಯಾಲಿಯಿಂದ ನೇರವಾಗಿ ಮಾಹಿತಿ ಬಂದು ಸೇರಲಿ, ನಿಮ್ಮದು ನೇರವಾಗಿ ನಮ್ಮಲ್ಲಿಗೆ ಬರಲಿ. ಶೆಡ್ಯೂಲ್ ಬದಲಾಯಿಸುವ ಹಕ್ಕು ನಿಮ್ಮದೇ, ಆದರೆ ಪ್ರತಿ ಬದಲಾವಣೆಗೂ ಒಂದು ನಂಬರು, ಒಂದು ಸಮಯ ಇರಲಿ, ವೆಂಡರ್ ಒಪ್ಪಿದ ಕೊನೆಯ ಶೆಡ್ಯೂಲನ್ನು ಇಟ್ಟುಕೊಂಡೇ ರೇಟಿಂಗ್ ಲೆಕ್ಕ ಹಾಕಿ. ವಾಟ್ಸ್ಆಪ್‌ನಲ್ಲಿ ಬಂದ ಅರ್ಜೆಂಟ್ ಅದೇ ದಿನ ಸಿಸ್ಟಂಗೆ ಏರಬೇಕು. ಗೇಟಿನಲ್ಲಿ ಕ್ಯೂಆರ್ ಸ್ಕ್ಯಾನ್ ಆದ ಕ್ಷಣವೇ ನಮಗೆ ಸಂದೇಶ ಬರಲಿ, ಎರಡು ದಿನದೊಳಗೆ ಜಿಆರ್‌ಎನ್ ಬರಲಿ. ರಿಜೆಕ್ಷನ್ ಇದ್ದರೆ ಅಳತೆ, ಲಾಟ್ ನಂಬರ್, ಒಂದು ಫೋಟೊ ಜೊತೆಗಿರಲಿ.

ಕೈಗಾರಿಕಾ ಇಲಾಖೆಯವರೇ, ಈ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಒಂದು ಒಳ್ಳೆಯ ಹಿನ್ನೆಲೆ ಇದೆ. ವ್ಯಾಟ್ ಕಾಲದಲ್ಲೇ ಇ-ಸುಗಮ್ ಮಾಡಿ ಸರಕು ಸಾಗಾಟದ ಮಾಹಿತಿಯನ್ನು ಆನ್‌ಲೈನ್‌ಗೆ ತಂದದ್ದು ಕರ್ನಾಟಕ. ಜಿಎಸ್‌ಟಿಯ ಇ-ವೇ ಬಿಲ್ಲನ್ನು 2017ರ ಸೆಪ್ಟೆಂಬರ್‌ನಲ್ಲೇ ಇಲ್ಲಿ ಪ್ರಾಯೋಗಿಕವಾಗಿ ಶುರುಮಾಡಲಾಯಿತು. 2018ರ ಏಪ್ರಿಲ್ 1ರಂದು ಅದು ದೇಶದಲ್ಲಿ ಜಾರಿಗೆ ಬಂದಾಗ, ಬೇರೆ ರಾಜ್ಯಗಳು ಹೊರರಾಜ್ಯದ ಸಾಗಾಟಕ್ಕೆ ಮಾತ್ರ ಆರಂಭಿಸಿದರೆ, ರಾಜ್ಯದೊಳಗಿನ ಸಾಗಾಟಕ್ಕೂ ಅಂದೇ ಜಾರಿಮಾಡಿದ್ದು ಕರ್ನಾಟಕ. ತೆರಿಗೆ ವಸೂಲಿಗೆ ತೋರಿಸಿದ ಆ ಉತ್ಸಾಹವನ್ನು ಸಣ್ಣ ಉದ್ಯಮದ ಪರವಾಗಿಯೂ ತೋರಿಸಿ. ದೊಡ್ಡ ಕಾರ್ಖಾನೆಗಳು, ಸಣ್ಣ ಕೈಗಾರಿಕೆಗಳ ಸಂಘಗಳು, ಸಾಫ್ಟ್‌ವೇರ್ ಕಂಪನಿಗಳು ಎಲ್ಲರನ್ನೂ ಒಂದೇ ಮೇಜಿಗೆ ಕರೆದು ಪೀಓ, ಶೆಡ್ಯೂಲ್, ಎಎಸ್‌ಎನ್, ಜಿಆರ್‌ಎನ್, ಪೇಮೆಂಟ್ ವಿವರ ಈ ಐದಕ್ಕೆ ಒಂದು ಸಮಾನ ನಮೂನೆ ಬರೆಸಿ. ಹೊಸ ಪೋರ್ಟಲ್ ದಯವಿಟ್ಟು ಬೇಡ, ಇರುವುದೇ ಸಾಕು. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳ ಪೂರೈಕೆಯ ಸಾಫ್ಟ್‌ವೇರ್ ಬರೆಯುವ ಎಂಜಿನಿಯರುಗಳು ವೈಟ್‌ಫೀಲ್ಡ್‌ನಲ್ಲಿ ಕೂತಿದ್ದಾರೆ, ಟ್ಯಾಲಿಯೂ ಬೆಂಗಳೂರಿನದೇ. ಈ ಕೆಲಸಕ್ಕೆ ಜನರನ್ನು ಹುಡುಕಿಕೊಂಡು ಊರು ಬಿಟ್ಟು ಹೋಗಬೇಕಾಗಿಲ್ಲ.

ಮೊದಲ ಪ್ರಯೋಗ ಸರ್ಕಾರದಿಂದಲೇ ಆಗಲಿ. ನಿಮ್ಮ ಸಾರಿಗೆ ನಿಗಮಗಳು ಬಸ್ಸಿನ ಬಿಡಿಭಾಗ ಕೊಳ್ಳುತ್ತವೆ, ವಿದ್ಯುತ್ ಸರಬರಾಜು ಕಂಪನಿಗಳು ಟ್ರಾನ್ಸ್‌ಫಾರ್ಮರ್, ಕೇಬಲ್ ಕೊಳ್ಳುತ್ತವೆ. ಟೆಂಡರ್ ಕರೆಯುವುದು ಎಂದೋ ಆನ್‌ಲೈನ್ ಆಗಿದೆ. ಟೆಂಡರ್ ಮುಗಿದ ಮೇಲಿನ ಹಾದಿಯನ್ನು, ಅಂದರೆ ಮಾಲು ಮುಟ್ಟಿದ ದಿನ, ತಪಾಸಣೆಯಾದ ದಿನ, ಬಿಲ್ಲು ಪಾಸಾದ ದಿನ ಇವನ್ನು ಇದೇ ನಮೂನೆಯಲ್ಲಿ ಪೂರೈಕೆದಾರರಿಗೆ ತಾನಾಗಿ ತಲುಪಿಸಿ. ಸರ್ಕಾರದ ಸಂಸ್ಥೆಯೇ ಎರಡು ದಿನದಲ್ಲಿ ಜಿಆರ್‌ಎನ್ ಕೊಡುತ್ತದೆ ಎಂದಾದರೆ ಖಾಸಗಿಯವರಿಗೆ ನೆಪ ಉಳಿಯುವುದಿಲ್ಲ.

ನಮ್ಮ ಕೆಳಗೂ ಒಂದು ಸರಪಳಿ ಇದೆ, ಅದನ್ನು ಯಾವ ಪೋರ್ಟಲ್ಲೂ ನೋಡಿಲ್ಲ. ಶಾಫ್ಟ್ ನಮ್ಮಲ್ಲಿ ಟರ್ನಿಂಗ್ ಆದ ಮೇಲೆ ಹೀಟ್ ಟ್ರೀಟ್‌ಮೆಂಟ್‌ಗೆ ಒಂದು ಕಡೆ, ಜಿಂಕ್ ಪ್ಲೇಟಿಂಗ್‌ಗೆ ಇನ್ನೊಂದು ಕಡೆ ಹೋಗುತ್ತದೆ. ಅಲ್ಲಿ ಇವತ್ತಿಗೂ ಕಾರ್ಬನ್ ಪೇಪರ್ ಇಟ್ಟು ಬರೆದ ಚಲನ್ ಪುಸ್ತಕವೇ. ಪ್ಲೇಟಿಂಗ್ ಮಾಡುವವರಿಗೆ ನಿಮ್ಮ ಶೆಡ್ಯೂಲ್ ಬದಲಾದದ್ದು ನಾವು ಫೋನ್ ಮಾಡಿದಾಗಲೇ ಗೊತ್ತಾಗುವುದು. ಸಮಾನ ನಮೂನೆ ಬಂದರೆ, ಒಂದು ಮೊಬೈಲ್ ಇದ್ದರೆ ಸಾಕು, ಅವರೂ ಅದರೊಳಗೆ ಬರಬಹುದು. ನಮೂನೆ ಬರೆಯುವಾಗ ಅವರನ್ನೂ ಕರೆಯಿರಿ, ಪರದೆಯ ಮೇಲಿನ ಮಾತು ಕನ್ನಡದಲ್ಲೂ ಇರಲಿ. ನಾವು ಕೊಡುವ ಜಾಬ್ ವರ್ಕಿಗೂ ಇದೇ ಎರಡು ದಿನದ ಜಿಆರ್‌ಎನ್ ನಿಯಮ ಅನ್ವಯವಾಗಲಿ, ಅದಕ್ಕೆ ನಾನು ಮೊದಲು ಸಹಿ ಹಾಕುತ್ತೇನೆ.

ಇಲಾಖೆ ಈ ಸಭೆಯನ್ನು ಎಲ್ಲಿ, ಯಾವ ದಿನ ಕರೆದರೂ ಬರಲು ನಾವು ತಯಾರಿದ್ದೇವೆ. ಬರುವಾಗ ಒಂದು ಲಾಟಿನ ಪೂರ್ತಿ ಕಾಗದಗಳನ್ನು, ಪೀಓದಿಂದ ಹಿಡಿದು ಡೆಬಿಟ್ ನೋಟ್ ತನಕ, ಕಂಪನಿಯ ಹೆಸರು ಮರೆಮಾಡಿ ತರುತ್ತೇನೆ. ಒಂದೇ ವಿವರವನ್ನು ಎಷ್ಟು ಕಡೆ ಟೈಪ್ ಮಾಡಿದ್ದೇವೆ, ಯಾವ ಪ್ರಶ್ನೆಗೆ ಉತ್ತರವೇ ಬಂದಿಲ್ಲ ಎಂಬುದನ್ನು ಅಲ್ಲೇ ಕೂತು ಒಟ್ಟಿಗೆ ನೋಡೋಣ.

ವಂದನೆಗಳೊಂದಿಗೆ,
ಪೀಣ್ಯದ ಒಬ್ಬ ಸಣ್ಣ ಕೈಗಾರಿಕೋದ್ಯಮಿ